ಜಾಜಿ

ತಟ್ಟೆಯ ಮೇಲಿನ ಹೆಸರನ್ನು ನಾನೂ ಓದಿಲ್ಲ.
ಯಾರೋ ಅದರ ಮೇಲೆ ಚಹಾದ ಲೋಟ ಇಟ್ಟು
ಕಂದು ಬಳೆಯೊಂದನ್ನು ಬಿಟ್ಟುಹೋಗಿದ್ದಾರೆ.
ಹಳೇ ಮಿಲ್ಲಿನ ನೂಲುವ ಖಾತೆಯ ಮಾಸ್ತರ್ ಮಸ್ಕರೇನಸ್
ಮುಂಬಯಿಯಿಂದ ಬರುವಾಗ ತಂದದ್ದು,
ಮಿಲ್ಲು ಬಿಡುವಾಗ ಮರೆತದ್ದು.
ಹಡಗು ಹತ್ತಿ ಬಂದ ಜಾಝ್ ಅಂದಿದ್ದನಂತೆ.
ದಾವಣಗೆರೆಯ ಬಾಯಲ್ಲಿ ಒಂದೇ ವಾರಕ್ಕೆ
ಅದು ಜಾಜಿ ಆಯಿತು.

ಭಜಂತ್ರಿ ಕೆಂಚಪ್ಪ ಕಲಿತದ್ದು ಕಿಟಕಿಯ ಹೊರಗೆ ನಿಂತು.
ಒಳಗೆ ಸಾಹೇಬರ ಶನಿವಾರ,
ಹೊರಗೆ ಹತ್ತಿಯ ಧೂಳು ಕೂತ ಹುಬ್ಬು,
ಕಂಕುಳಲ್ಲಿ ಪಂಚೆಯ ಚೂರು ಸುತ್ತಿದ ಕ್ಲಾರಿಯೋನೆಟ್ಟು.
ತಟ್ಟೆಗೊಂದು ಗೀರಿತ್ತು.
ಎರಡನೇ ಸಲದ ಇಳಿಜಾರಿನಲ್ಲಿ ಸೂಜಿ ಎಡವಿ
ಹಿಂದಕ್ಕೆ ಬಿದ್ದು, ಅದೇ ಮೂರು ಸ್ವರ ಮತ್ತೆ ನುಡಿದು
ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು.
ಕೆಂಚಪ್ಪ ಗೀರನ್ನೂ ಕಲಿತ.
ಅದು ಗೀರು ಅಂತ ಅವನಿಗೆ ಹೇಳುವವರು ಯಾರು?

ಅಲ್ಲಿಂದಾಚೆ ಕಾಯಿಪೇಟೆ, ಚೌಕಿಪೇಟೆ, ಹೊಂಡದ ಸರ್ಕಲ್ಲು,
ಯಾರ ಮನೆಯ ದಿಬ್ಬಣವೇ ಇರಲಿ
ಆ ಜಾಗಕ್ಕೆ ಬಂದಾಗ
ಒಂದು ಹೆಜ್ಜೆ ಹಿಂದಿಟ್ಟು ನಡೆಯಿತು.
ಗ್ಯಾಸ್‌ಲೈಟು ಹೊತ್ತ ಹೆಂಗಸರು ಹಿಂದಿಟ್ಟರು,
ಬಾಡಿಗೆಯ ಕುದುರೆಗೂ ರೂಢಿಯಾಗಿತ್ತು.
ಪರವೂರಿನ ಮದುಮಗ ಮಾತ್ರ ಗೊತ್ತಿಲ್ಲದೆ
ಪೇಟ ಮೂಗಿಗೆ ಇಳಿಯುವಂತೆ ಮುಗ್ಗರಿಸುತ್ತಿದ್ದ;
ಬೀಗರು ನಗುತ್ತಿದ್ದರು.

ಗಡಿಯಾರ ಕಂಬದ ಹತ್ತಿರ ನನ್ನದೊಂದು ಕ್ಯಾಸೆಟ್ಟಿನ ಅಂಗಡಿ ಇತ್ತು.
ತುಂಬಿಕೊಡುವುದು ಕಸುಬು: ಅರವತ್ತು ನಿಮಿಷ, ತೊಂಬತ್ತು ನಿಮಿಷ.
ಕೊನೆಗೆ ಎರಡು ಮೂರು ನಿಮಿಷ ಖಾಲಿ ಉಳಿದರೆ
ಕೇಳದೆಯೇ ಜಾಜಿ ಹಾಕುತ್ತಿದ್ದೆ,
ತರಕಾರಿಯ ಮೇಲೆ ಕೊತ್ತಂಬರಿ ಕೊಟ್ಟ ಹಾಗೆ.
ಅದಕ್ಕೆ ಕಾಸಿಲ್ಲ.

ಮೂಲ ನನ್ನಲ್ಲಿದ್ದದ್ದು ರುದ್ರಮುನಿಯ ಸ್ಪೂಲು.
ಕರೆಂಟಿನ ಕೆಲಸದವನು, ಟೇಪ್ ರೆಕಾರ್ಡರು ಹೊತ್ತು
ಕಾಯಿಪೇಟೆಯ ಮದುವೆಯೊಂದಕ್ಕೆ ಹೋಗಿದ್ದ.
ನಡುವೆ ಕರೆಂಟು ಹೋಗುತ್ತದೆ:
ಕೆಂಚಪ್ಪನ ಉಸಿರು ಅರ್ಧಕ್ಕೇ
ಚೀರಿ, ಚಿಕ್ಕ ಇಲಿಯಾಗಿ ಮಾಯವಾಗುತ್ತದೆ.
ಮತ್ತೆ ಬರುವಷ್ಟರಲ್ಲಿ ಗತ್ತು ಮುಂದೆ ಹೋಗಿದೆ,
ಹಿಂದೆ ಯಾವಳೋ ತಾಯಿ ಕೂಗುತ್ತಿದ್ದಾಳೆ
'ಚನ್ನಬಸ್ಯಾ, ಊಟಕ್ಕೆ ಬಾರೋ.'

ಆಮೇಲೆ ಗಣಪತಿಯ ಪೆಂಡಾಲಿನ ಆರ್ಕೆಸ್ಟ್ರಾದವರು ಕೀಬೋರ್ಡಿನಲ್ಲಿ ನುಡಿಸಿದರು,
ಜಾಜಿಗೆ ಡ್ರಮ್ಮು ಕಟ್ಟಿದರು. ಎಡವಿದ ಜಾಗ ಇತ್ತು.
ಆಜಾದ್ ನಗರದ ಹುಡುಗನೊಬ್ಬ ಫೋನಿನ ರಿಂಗಿಗೆ ಕತ್ತರಿಸಿದ,
ಬರೀ ಎಂಟು ಸೆಕೆಂಡು. ಅದರಲ್ಲೂ ಇತ್ತು;
ಸಾಲದ ಕಂಪನಿಯವರು ಕರೆದರೂ ಅವನ ಜೇಬು
ಒಂದು ಹೆಜ್ಜೆ ಹಿಂದಿಡುತ್ತಿತ್ತು.

ಮೊನ್ನೆ ಅವನೇ ಹುಡುಕಿ ತಂದ, ನಿಜವಾದದ್ದನ್ನು.
ಒಂದಲ್ಲ, ಇನ್ನೂರು ಚಿಲ್ಲರೆ.
ನಿಧಾನದ್ದು, ಓಡುವುದು, ಪಿಯಾನೋ ಒಂದೇ ಇರುವುದು,
ಹೊಗೆಯಂಥ ದನಿಯ ಹೆಂಗಸೊಬ್ಬಳು
ಮಾತುಗಳನ್ನು ನುಂಗಿ ನುಂಗಿ ಹಾಡಿದ್ದು.
ಅದಕ್ಕೆ ಮಾತುಗಳೂ ಇದ್ದವೇ!
ಇಷ್ಟು ವರ್ಷ ನಾವು ಅದನ್ನು ಮೂಗಿ ಅಂದುಕೊಂಡಿದ್ದೆವು.

ಫೋನು ಹಿಡಿದು ಮಂಡಕ್ಕಿ ಭಟ್ಟಿಗೆ ಹೋದೆ.
ಕೆಂಚಪ್ಪನ ಮಗಳು ದುರುಗವ್ವ
ಕಾದ ಮರಳಿನಿಂದ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು.
ಸೆರಗಿನಿಂದ ಕಿವಿ ಒರೆಸಿಕೊಂಡು ಕೇಳಿದಳು.
ಆ ಜಾಗ ಬಂತು.
ಅವಳ ಬಲಗಾಲು ತಾನಾಗಿ ಹಿಂದಕ್ಕೆ ಹೋಯಿತು,
ಹಾಡು ಹೋಗಲಿಲ್ಲ.
'ಇನ್ನೊಂದ್ ಹಾಕು' ಅಂದಳು. ಹಾಕಿದೆ.
ಏಳನೆಯದು ಮುಗಿದಾಗ ಜರಡಿ ಎತ್ತಿಕೊಂಡು
'ಪಾಪ, ಚಲೋ ಊದ್ತಾರೆ. ನಡಿಯಾಕೆ ಬರಲ್ಲ' ಅಂದಳು.

ನಾನು ವಾದಿಸಲಿಲ್ಲ.
ಸ್ಪೂಲು ಈಗ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಅಂಚು ಉದುರುತ್ತಿದೆ.
ಕಾಯಿಪೇಟೆಯಲ್ಲಿ ವಿಚಾರಿಸಿದೆ:
ಮೂವರು ಚನ್ನಬಸಪ್ಪಂದಿರು ಸಿಕ್ಕರು,
ಮೂವರೂ ಅದು ನಮ್ಮವ್ವನ ದನಿಯೇ ಅಂದರು,
ಒಬ್ಬ ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದ.
ಎದ್ದು ಹೋಗುವಾಗ
ಚಪ್ಪಲಿ ಅದಲುಬದಲಾಗಿ ಮೆಟ್ಟಿದ್ದ.